ಕಂಬ, ಗಾಣ, ಬೀಸುಕಲ್ಲು

ಆ ಶುಕ್ರವಾರ ನಾನು ಮಾಡಿದ ಕೆಲಸಗಳನ್ನು ಈಗಲೂ ಒಂದೊಂದಾಗಿ ಹೇಳಬಲ್ಲೆ. ಎದ್ದ ಕೂಡಲೇ ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿ ಎಳೆದೆ. ಕೊಟ್ಟಿಗೆ ಬಳಿದು ಹಸುವಿಗೆ ಹುಲ್ಲು ಉದುರಿಸಿದೆ. ಹೊಂಡದಿಂದ ನೀರು ತಂದು ಹಂಡೆ ತುಂಬಿಸಿದೆ. ದೇವರ ಗೂಡು ಒರೆಸಿ, ವಿಭೂತಿ ತಟ್ಟೆ ತೊಳೆದಿಟ್ಟೆ. ಗರಡಿಯ ಮಣ್ಣಿಗೆ ಹಾಕಲೆಂದು ಅವ್ವ ಎತ್ತಿಟ್ಟಿದ್ದ ಹುಳಿಮಜ್ಜಿಗೆಯನ್ನು ಸೋಸಿ ಗಡಿಗೆಗೆ ತುಂಬಿದೆ. ಹುಣಸೆ ಎಲೆ ಕುದಿಸಿ, ಅಣ್ಣ ತಿಪ್ಪಣ್ಣನ ಭುಜಕ್ಕೆ ಶಾಖ ಕೊಡಲು ಬಟ್ಟೆ ಹಿಂಡಿಕೊಟ್ಟೆ. ರಾಗಿ ಕೇರಿ, ಕಲ್ಲು ಆರಿಸಿ, ಮೊರ ತುಂಬ ಬೀಸುಕಲ್ಲಿನ ಪಕ್ಕ ಇಟ್ಟೆ. ದಿನವೂ ಅವ್ವನ ಎದುರು ಕೂತು ಬೀಸುವವಳು ನಾನೇ. ಆ ದಿನ ಮಾತ್ರ ಅವ್ವ ನನ್ನನ್ನು ಎಬ್ಬಿಸಿ ಆ ಜಾಗಕ್ಕೆ ತಿಪ್ಪಣ್ಣನನ್ನು ಕೂರಿಸಿದಳು.

ನಮ್ಮ ಮನೆ ಇದ್ದದ್ದು ಚಿತ್ರದುರ್ಗದಲ್ಲಿ, ಕೋಟೆಯ ಬಂಡೆಗಳು ಹಿತ್ತಿಲವರೆಗೂ ಇಳಿದು ಬಂದಿದ್ದ ಒಂದು ಓಣಿಯಲ್ಲಿ. ಮುಂಭಾಗ ಗರಡಿ, ಹಿಂಭಾಗ ನಾವು. ಗರಡಿಯ ಬಾಗಿಲು ಎಷ್ಟು ಕುಳ್ಳಗಿತ್ತೆಂದರೆ ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಮೊಣಕಾಲಾಳದ ಹಳ್ಳದಲ್ಲಿ ಕೆಮ್ಮಣ್ಣು, ಅದಕ್ಕೆ ಮಟ್ಟಿ ಎನ್ನುತ್ತಿದ್ದರು. ಮೂಲೆಯಲ್ಲಿ ಸಿಂಧೂರ ಮೆತ್ತಿದ ಹನುಮಪ್ಪ. ಗೋಡೆಗೆ ಒರಗಿಸಿದ ಗದೆಗಳು, ನೆಲದ ಮೇಲೆ ಹಿಡಿ ಕೊರೆದ ಕಲ್ಲುಗುಂಡುಗಳು. ಇಷ್ಟನ್ನೂ ನಾನು ಕಂಡದ್ದು ಅಡುಗೆಮನೆಯ ಗೋಡೆಯಲ್ಲಿದ್ದ ಅಂಗೈಯಗಲದ ಬೆಳಕಿಂಡಿಯಿಂದ. ಹೆಂಗಸರು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ಆದರೆ ಮಟ್ಟಿ ಹದಮಾಡುವ ಮಜ್ಜಿಗೆ, ಅರಿಶಿನ, ಎಳ್ಳೆಣ್ಣೆ ಎಲ್ಲವೂ ಅವ್ವನ ಕೈಯಿಂದಲೇ ಹೋಗಬೇಕು. ಅವಳು ಹೊಸ್ತಿಲಲ್ಲಿಟ್ಟು ಹಿಂದಕ್ಕೆ ಸರಿಯುತ್ತಿದ್ದಳು, ಒಳಗಿನಿಂದ ಯಾರದೋ ಕೈ ಬಂದು ಎತ್ತಿಕೊಳ್ಳುತ್ತಿತ್ತು. ನಮಗೆ ಹೊತ್ತು ಗೊತ್ತಾಗುತ್ತಿದ್ದದ್ದೂ ಗೋಡೆಯಾಚೆಯ ಸದ್ದಿನಿಂದಲೇ. ದಂಡ ಹೊಡೆಯುವವರ ಉಸಿರು ಒಂದೇ ಲಯದಲ್ಲಿ ಕೇಳತೊಡಗಿದರೆ ಒಲೆ ಹಚ್ಚಬೇಕು. ತೊಡೆ ತಟ್ಟುವ ಸದ್ದು ಬಂದರೆ ಎಸರು ಕುದಿದಿರಬೇಕು. ಎಲ್ಲ ನಿಂತು ಅಪ್ಪನ ಕೆಮ್ಮು ಒಂದೇ ಕೇಳಿಸಿತೆಂದರೆ ತಟ್ಟೆ ಹಾಕಬೇಕು.

ಅಪ್ಪ ಆ ಗರಡಿಯ ವಸ್ತಾದ. ಕುಸ್ತಿ ಕಲಿಸುವ ಆ ಗುರುಪಟ್ಟ ತಾತನಿಂದ ಬಂದದ್ದು. ಅಪ್ಪನ ಕಲಿಕೆಯಲ್ಲಿ ಗುಟ್ಟೇನೂ ಇರಲಿಲ್ಲ. ಬೆವರಿನಿಂದ ಕೆಳಗಿನ ಮಣ್ಣು ಒದ್ದೆಯಾಗುವವರೆಗೆ ದಂಡ, ತೊಡೆ ನಡುಗುವವರೆಗೆ ಬಸ್ಕಿ, ಆಮೇಲೆ ಗದೆ, ಆಮೇಲೆ ಕಲ್ಲುಗುಂಡು, ಕಡೆಗೆ ಮಟ್ಟಿಯಲ್ಲಿ ಜೋಡಿ. ಯಾರಾದರೂ ನೋವೆಂದರೆ ಅಪ್ಪ ಬೈಯುತ್ತಿರಲಿಲ್ಲ, ಒಂದೇ ಮಾತು ಹೇಳುತ್ತಿದ್ದ. ಅದನ್ನು ನಾನು ಗೋಡೆಯಾಚೆಯಿಂದಲೇ ಬಾಯಿಪಾಠ ಮಾಡಿದ್ದೆ.

“ನೋವು ಬಾಗ್ಲಾಗೆ ಮಲಗಿರೋ ನಾಯಿ ಇದ್ದಂಗೆ. ನಿಂತ್ಕಂಡ್ರೆ ಬೊಗಳತೈತೆ. ದಾಟಿ ನಡಿ, ತಾನೇ ಸುಮ್ಮನಾಗತೈತೆ.”

ನನ್ನ ಅಣ್ಣ ತಿಪ್ಪೇಸ್ವಾಮಿಗೆ ನಾವೆಲ್ಲ ತಿಪ್ಪಣ್ಣ ಎನ್ನುತ್ತಿದ್ದೆವು. ಆಗಷ್ಟೇ ಮೀಸೆ ದಟ್ಟವಾಗುತ್ತಿದ್ದ ವಯಸ್ಸು. ಆ ವರ್ಷ ಸುಗ್ಗಿ ಮುಗಿದ ಮೇಲೆ ಹಿರಿಯೂರಿನ ಹೊಳೆಯ ಮರಳಿನಲ್ಲಿ ಕುಸ್ತಿ ಏರ್ಪಾಡಾಗಿತ್ತು. ಹೊಳಲ್ಕೆರೆ ಗರಡಿಯವರು ತಮ್ಮ ಹುಡುಗನಿಗೆ ಜೋಡಿಯಾಗಿ ತಿಪ್ಪಣ್ಣನನ್ನು ಕೇಳಿ ವೀಳ್ಯ ಕಳಿಸಿದ್ದರು, ಅಪ್ಪ ಹಿಡಿದಿದ್ದ. ಹಿಡಿದ ವೀಳ್ಯ ಎಂದರೆ ಕೊಟ್ಟ ಮಾತು. ಹಿಂದಿರುಗಿಸಬೇಕಾದರೆ ವಸ್ತಾದನೇ ಎದುರಾಳಿಯ ಗರಡಿಗೆ ನಡೆದುಹೋಗಿ, ಅವರ ಹನುಮಪ್ಪನ ಮುಂದೆ ಎಲೆ ಅಡಿಕೆ ಇಟ್ಟು ಬರಬೇಕು. ಅದು ಆಡದೆಯೇ ಸೋತಂತೆ. ನಮ್ಮ ಗರಡಿಯಿಂದ ಯಾರೂ ಹಾಗೆ ಹೋಗಿರಲಿಲ್ಲ. ವೀಳ್ಯ ಹಿಡಿದ ಮೈಗೆ ನಮ್ಮ ಮನೆಯಲ್ಲಿ ಮಡಿಯೇ ಬೇರೆ. ಅವನು ಗರಡಿಯಲ್ಲೇ ಮಲಗಬೇಕು, ಊಟಕ್ಕೆ ಮಾತ್ರ ಒಳಗೆ ಬರಬೇಕು, ಕುಸ್ತಿ ಮುಗಿಯುವವರೆಗೆ ಮೊರ, ಪೊರಕೆ, ಒನಕೆ, ಬೀಸುಕಲ್ಲು ಈ ನಾಲ್ಕನ್ನು ಮುಟ್ಟಬಾರದು. ಮುಟ್ಟಿದರೆ ಮೈಯ ಕಸುವು ಹೆಣ್ಣಿನ ಕೆಲಸಕ್ಕೆ ಇಳಿದುಹೋಗುತ್ತದೆ ಎಂದು ತಾತನ ಕಾಲದಿಂದ ನಂಬಿಕೆ. ಮೊರ ಅಡ್ಡ ಇದ್ದರೆ ತಿಪ್ಪಣ್ಣ ದಾಟದೆ ನಿಲ್ಲುತ್ತಿದ್ದ, ನಾನು ಓಡಿಹೋಗಿ ಎತ್ತಿಡಬೇಕಿತ್ತು.

ವೀಳ್ಯ ಹಿಡಿದ ಸ್ವಲ್ಪ ದಿನಕ್ಕೆ ದೊಡ್ಡ ಗದೆ ತಿರುಗಿಸುವಾಗ ತಿಪ್ಪಣ್ಣನ ಬಲಭುಜ ಜಾರಿತು. ಆ ಕೂಗು ಗೋಡೆ ದಾಟಿ ಬಂತು. ಅಪ್ಪನೇ ಅವನನ್ನು ಮಲಗಿಸಿ, ಕಂಕುಳಿಗೆ ಹಿಮ್ಮಡಿ ಕೊಟ್ಟು ತೋಳು ಎಳೆದು ಕೀಲು ಕೂರಿಸಿದ. ಮೂಳೆ ಕೂತ ಸದ್ದು ಕೇಳಿಸಿತೆಂದು ಗರಡಿಯ ಹುಡುಗರು ಹೇಳಿದರು. ಕೂತಿತಲ್ಲ, ಇನ್ನೇನು ಎಂದು ಅಪ್ಪ ಅಂದುಕೊಂಡ. ಜಗಳ ಹುಟ್ಟಿದ್ದು ಅಲ್ಲಿಂದ, ಏಕೆಂದರೆ ಆಗ ಮನೆಯಲ್ಲಿ ಚಿಕ್ಕಪ್ಪ ಇದ್ದ.

ಚಿಕ್ಕಪ್ಪ ಚೆನ್ನಪ್ಪ ಅಪ್ಪನ ಒಬ್ಬನೇ ತಮ್ಮ. ಹರೆಯದಲ್ಲಿ ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಬೆಂಗಳೂರಿನ ದಂಡಿಗೆ ಹೋಗಿ, ಹೇಸರಗತ್ತೆ ಹೊಡೆಯುವ ಕೆಲಸ ಹಿಡಿದು, ಆ ಕತ್ತೆಗಳ ಜೊತೆಗೇ ಹಡಗು ಹತ್ತಿ ಚೀನಾ ದೇಶಕ್ಕೆ ಹೋದವನು. ದಂಡು ಹೋದದ್ದು ಅಲ್ಲಿಯ ದಂಗೆ ಅಡಗಿಸಲು, ಅದು ಮುಗಿದ ಮೇಲೂ ಬಹಳ ಕಾಲ ಅಲ್ಲೇ ಉಳಿದ. ತಿರುಗಿ ಬಂದಾಗ ಅವನ ಹತ್ತಿರ ಇದ್ದದ್ದು ಒಂದು ಹತ್ತಿ ತುಂಬಿದ ಕೋಟು ಮತ್ತು ನಮ್ಮ ಓಣಿ ಎಂದೂ ಕಾಣದ ಕೆಲವು ನಡೆಗಳು. ಬೆಳಗ್ಗೆ ಎದ್ದು ಹಿತ್ತಿಲಲ್ಲಿ ಗಾಳಿಯನ್ನು ತಬ್ಬಿಕೊಂಡವನ ಹಾಗೆ ಕೈಯೆತ್ತಿ ಸುಮ್ಮನೆ ನಿಂತುಬಿಡುತ್ತಿದ್ದ. ಬೇಲಿಯಾಚೆ ಹುಡುಗರು “ಚೀನಿಕಾಯಿ, ಏ ಚೀನಿಕಾಯಿ” ಎಂದು ಕೂಗಿ ಓಡುತ್ತಿದ್ದರು. ಅವನು ಅಲುಗುತ್ತಿರಲಿಲ್ಲ. ಅಪ್ಪ ಗರಡಿಗೆ ಬಾ ಎಂದು ಕರೆಯಲಿಲ್ಲ, ಅವನು ಬರುತ್ತೇನೆ ಎಂದು ಕೇಳಲೂ ಇಲ್ಲ. ಹಾಗಾಗಿ ಅವನು ಹೆಂಗಸರ ಪಾಲಿನ ಹಿತ್ತಿಲಲ್ಲೇ ಉಳಿದ, ಅವನ ವಿದ್ಯೆಯನ್ನು ಎಲ್ಲರಿಗಿಂತ ಹೆಚ್ಚು ಕಂಡವರು ನಾನು ಮತ್ತು ಅವ್ವ.

ಅವನಿಗೆ ಚೀನಾದಲ್ಲಿ ಮೂವರು ಕಲಿಸಿದ್ದರು. ಅವರವರ ವಿದ್ಯೆಗೆ ಅವರ ಭಾಷೆಯಲ್ಲಿ ಹೆಸರಿತ್ತು, ಚಿಕ್ಕಪ್ಪ ಹೇಳಿಯೂ ಕೊಡುತ್ತಿದ್ದ, ನಮ್ಮ ನಾಲಿಗೆಗೆ ಕೂರಲಿಲ್ಲ. ನಾವು ನಮಗೆ ತಿಳಿದಂತೆ ಕಂಬದವನು, ಗಾಣದವನು, ಬೀಸುಕಲ್ಲಿನವನು ಎಂದು ಕರೆದೆವು. ಕಂಬದವನು ದವಸದ ಗಾಡಿ ಹೊಡೆಯುವವನು. ಮಂಡಿ ಸ್ವಲ್ಪ ಬಗ್ಗಿಸಿ, ಎದೆಯ ಮುಂದೆ ಕಣಜ ತಬ್ಬಿದ ಹಾಗೆ ಕೈ ದುಂಡಗೆ ಮಾಡಿ ನಿಲ್ಲಿಸುತ್ತಿದ್ದ. ಕಾಲು ಉರಿದರೂ ಇಳಿಸುವಂತಿಲ್ಲ, ಇಳಿಸಿದರೆ ಚಾವಟಿಯಿಂದ ತೊಡೆಗೆ ಒಂದು ಬೀಳುತ್ತಿತ್ತು. ನಿಲ್ಲುವುದು ಬಂದಮೇಲೆ ಒಂದೇ ಒಂದು ಗುದ್ದು ಕಲಿಸಿದ. ಮುಂದಕ್ಕೆ, ನೇರಕ್ಕೆ, ಗಾಡಿಗಳ ಸಾಲಿನ ಉದ್ದಕ್ಕೂ ಅದನ್ನೇ ಹೊಡೆದುಕೊಂಡು ಹೋಗಬೇಕು, ತಿರುಗಿ ಹೊಡೆದುಕೊಂಡು ಬರಬೇಕು. ಗಾಣದವನು ಒಬ್ಬ ಸಾಹುಕಾರನ ಮನೆಯ ಬಾಗಿಲು ಕಾಯುವವನು. ಅವನಿಗೆ ನಿಲ್ಲುವವರನ್ನು ಕಂಡರೆ ನಗು, ನಿಂತವನಿಗೆ ಪೆಟ್ಟು ಖಂಡಿತ ಎನ್ನುತ್ತಿದ್ದನಂತೆ. ಅಂಗಳದ ಮರವೊಂದರ ಸುತ್ತ, ಕೆಸರಿನಲ್ಲಿ ಹೆಜ್ಜೆ ಜಾರಿಸುವ ಹಾಗೆ ಪಾದ ಎಳೆದು, ಅಂಗೈಯನ್ನು ಮರದ ಕಡೆಗೆ ತಿರುಗಿಸಿ, ಗಾಣದೆತ್ತಿನಂತೆ ಸುತ್ತುವುದೇ ಅವನ ಪಾಠ. ಸುತ್ತುತ್ತಲೇ ದಿಕ್ಕು ಬದಲಿಸಬೇಕು, ಮೈ ತಿರುಚಬೇಕು. ಎದುರಾಳಿ ಕೈ ಚಾಚುವ ಹೊತ್ತಿಗೆ ನೀನು ಅವನ ಬೆನ್ನ ಹಿಂದೆ ಇರಬೇಕು. ಮರದ ಸುತ್ತ ಮಣ್ಣು ಬಟ್ಟಲಿನಂತೆ ಸವೆದಿತ್ತು ಎಂದು ಚಿಕ್ಕಪ್ಪ ಕೈಯಲ್ಲಿ ಆಳ ತೋರಿಸುತ್ತಿದ್ದ. ಮೂರನೆಯವನು ನಾರುಬೇರಿನ ಔಷಧಿ ಮಾರುವ ಮುದುಕ. ಅವನು ನೀರಿನಲ್ಲಿ ಕೈಯಾಡಿಸಿದಂತೆ ನಿಧಾನ, ನಿಧಾನ ಎನ್ನುತ್ತ ಒಂದು ನಡೆಯಿಂದ ಇನ್ನೊಂದಕ್ಕೆ ಹರಿಯುವುದನ್ನು ಕಲಿಸಿದ. ಆಮೇಲೆ ಎದುರು ನಿಂತು ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ನೂಕು ಎನ್ನುತ್ತಿದ್ದ. ನೂಕಿದರೆ ಅಲ್ಲಿ ಏನೂ ಇರುತ್ತಿರಲಿಲ್ಲ, ನೂಕಿದವನೇ ಮುಗ್ಗರಿಸುತ್ತಿದ್ದ.

ಇದನ್ನು ಹೇಳುವಾಗ ನಾನೂ ಅವ್ವನೂ ಎದುರುಬದುರು ಕೂತು ಒಂದೇ ಹಿಡಿ ಹಿಡಿದು ರಾಗಿ ಬೀಸುತ್ತಿದ್ದೆವು. ಚಿಕ್ಕಪ್ಪ ಮಾತು ನಿಲ್ಲಿಸಿ ನಮ್ಮ ಕೈಗಳನ್ನೇ ನೋಡಿದ. ಅವನು ನಕ್ಕದ್ದು ಅಪರೂಪ, ಆಗ ನಕ್ಕ.

“ಅತ್ಗೆಮ್ಮ, ಆ ಮುದುಕಪ್ಪ ಹೇಳ್ಕೊಟ್ಟಿದ್ದು ಇದನ್ನೇ ನೋಡ್ರಿ. ಆ ಕಡೆಯೋರು ನೂಕಿದಾಗ ಈ ಕಡೆಯೋರು ಬಿಟ್ಕೊಡಬೇಕು. ಆ ಕಡೆಯೋರು ಬಿಟ್ಟಾಗ ಈ ಕಡೆಯೋರು ಎಳೀಬೇಕು. ಯಾರೂ ಯಾರಿಗೂ ಹೇಳಂಗಿಲ್ಲ, ಕೈಗೇ ಗೊತ್ತಾಗಬೇಕು.”

“ಅದಕ್ಕೆ ಅಷ್ಟು ದೂರ ಯಾಕ್ ಹೋದ್ಯಪ್ಪ? ಇಲ್ಲೇ ಕುಂತಿದ್ರೆ ದಿನಾ ಒಂದ್ ಸೇರು ಹಿಟ್ಟಾದ್ರೂ ಆಗೋದು” ಎಂದಳು ಅವ್ವ.

ಆ ಮೂವರೂ ಒಂದು ಮಾತನ್ನು ಒಪ್ಪುತ್ತಿದ್ದರಂತೆ. ಕಸುವು ತೋಳಿನಲ್ಲಿಲ್ಲ, ಹೊಕ್ಕಳ ಕೆಳಗೆ ಇದೆ. ಉಸಿರು ಅಲ್ಲಿಗೆ ಇಳಿಯಬೇಕು. ಬಿಗಿ ಹಿಡಿದ ಮೈಯಲ್ಲಿ ಅದು ಇಳಿಯುವುದಿಲ್ಲ. ಉಳಿದದ್ದಕ್ಕೆಲ್ಲ ಜಗಳ. ಕಂಬದವನಿಗೆ ಗಾಣದವನು ಕುಣಿಯುವವನು, ಗಾಣದವನಿಗೆ ಕಂಬದವನು ಹೂತಿಟ್ಟ ಗೂಟ, ಇಬ್ಬರಿಗೂ ಔಷಧಿಯ ಮುದುಕ ಮೈಗಳ್ಳ. ಚಿಕ್ಕಪ್ಪ ಮೂರನ್ನೂ ತನಗೆ ಸಿಕ್ಕಿದ ಸಾಲಿನಲ್ಲೇ ಕಟ್ಟಿಟ್ಟುಕೊಂಡಿದ್ದ. ಮೊದಲು ಕಂಬ, ಆಮೇಲೆ ಗಾಣ, ಕೊನೆಗೆ ಬೀಸುಕಲ್ಲು. ಬೇರು ಇಳಿಯದೆ ನಡೆಯಬಾರದು, ನಡೆ ಬಾರದೆ ಇನ್ನೊಬ್ಬರ ಕೈ ಹಿಡಿಯಬಾರದು. ಈ ಸಾಲನ್ನು ಅವನು ಅಪ್ಪ ದಂಡ ಬಸ್ಕಿಯ ಸಾಲನ್ನು ನಂಬಿದಷ್ಟೇ ಗಟ್ಟಿಯಾಗಿ ನಂಬಿದ್ದ.

ಭುಜ ಜಾರಿದ ಮೇಲೆ ಊಟದ ಹೊತ್ತು ನನಗೆ ಭಯದ ಹೊತ್ತಾಯಿತು. ಅಪ್ಪ, ಚಿಕ್ಕಪ್ಪ, ತಿಪ್ಪಣ್ಣ ಸಾಲಾಗಿ ಕೂರುತ್ತಿದ್ದರು, ತಿಪ್ಪಣ್ಣ ನಡುವೆ. ಅಪ್ಪ ತಟ್ಟೆ ನೋಡಿಕೊಂಡೇ, ಮೈ ಆರಿದರೆ ಕಬ್ಬಿಣದಂತೆ ತುಕ್ಕು ಹಿಡಿಯುತ್ತದೆ, ನಾಳೆಯಿಂದ ಸಣ್ಣ ಗದೆ ಎತ್ತಲಿ ಎನ್ನುತ್ತಿದ್ದ. ಚಿಕ್ಕಪ್ಪ ಗೋಡೆ ನೋಡಿಕೊಂಡು, ಹೊರಗಿನ ಕಸುವು ಹಾಕಿ ಹಾಕಿಯೇ ಕೀಲು ಸಡಿಲವಾದದ್ದು, ಒಳಗಿನದು ಬೆಳೆಯಲಿ ಎನ್ನುತ್ತಿದ್ದ. ಇಬ್ಬರೂ ತಿಪ್ಪಣ್ಣನ ತಲೆಯ ಮೇಲೇ ಮಾತಾಡುತ್ತಿದ್ದರು. ಒಂದು ದಿನ ಅಪ್ಪ ಕೈ ತೊಳೆದವನು ಎದ್ದು ಹೋಗದೆ ಅಲ್ಲೇ ಕೂತ.

“ಮೂರು ಗುರು ಮಾಡ್ಕಂಡೋನಿಗೆ ಒಬ್ಬ ಗುರುವೂ ಇರಲ್ಲ ಕಣಲೇ ಚೆನ್ನ. ಆದ್ರೂ ನೋಡಾಣ. ಈ ಅಮಾಸೆಯಿಂದ ಹುಣ್ಣಿಮೆ ತನಕ ಹುಡುಗ ನಿನ್ನೋನು. ನಿನ್ನ ಒಳಗಿನ ಕಸುವು ಹೆಂಗೈತೆ ತೋರ್ಸು. ಹುಣ್ಣಿಮೆ ಕಳೆದ ಶನಿವಾರ ಅವನನ್ನ ನಿಂಗನ ಕೂಡೆ ಮಟ್ಟಿಗೆ ಇಳಿಸ್ತೀನಿ. ಆಮೇಲೆ ನೀನು ಬಾಯಿ ತೆಗೀಬಾರ್ದು.”

“ಆಗ್ಲಿ ಅಣ್ಣಯ್ಯ. ಅಲ್ಲೀ ತನಕ ನೀನೂ ತೆಗೀಬಾರ್ದು” ಎಂದ ಚಿಕ್ಕಪ್ಪ.

ನಿಂಗ ಅಪ್ಪನ ಶಿಷ್ಯರಲ್ಲಿ ಎಲ್ಲರಿಗಿಂತ ಭಾರದವನು. ಒಳ್ಳೆಯವನೇ, ಆದರೆ ಹಿಡಿದರೆ ಬಿಡಲು ಬಾರದವನು. ಕೀಲು ಕೂಡದ ಭುಜ ಅವನ ಕೈಗೆ ಸಿಕ್ಕರೆ ಏನಾದೀತೆಂದು ಅವ್ವನಿಗೂ ನನಗೂ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಓಣಿಯ ಕೊನೆಯಲ್ಲೇ ಒಬ್ಬ ಮಾಜಿ ಪೈಲ್ವಾನ ಇದ್ದ. ಅವನ ಬಲಗೈ ಒಣಗಿದ ಕೊಂಬೆಯಂತೆ ಪಕ್ಕಕ್ಕೆ ಜೋತುಬಿದ್ದು, ಲುಂಗಿಯ ಗಂಟನ್ನೂ ಹೆಂಡತಿ ಕಟ್ಟಿಕೊಡಬೇಕಿತ್ತು.

ಚಿಕ್ಕಪ್ಪ ತನ್ನ ಸಾಲಿನಂತೆ ಕಂಬದಿಂದಲೇ ಹಿಡಿದ. ಹಿತ್ತಿಲ ಬೇವಿನ ನೆರಳಲ್ಲಿ ತಿಪ್ಪಣ್ಣನನ್ನು ನಿಲ್ಲಿಸಿ, ಮಂಡಿ ಬಗ್ಗಿಸಿ, ಕೈ ದುಂಡಗೆ ಎತ್ತಿಸಿ, ತಾನು ಹತ್ತು ಮಾರು ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದ. ನಾನು ಪಾತ್ರೆ ಬೆಳಗುತ್ತ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ತಿಪ್ಪಣ್ಣನ ತುಟಿ ಬೆಳ್ಳಗಾಗುತ್ತಿತ್ತು, ಬಲಗೈಯ ಬೆರಳುಗಳು ನಡುಗುತ್ತಿದ್ದವು. ಚಿಕ್ಕಪ್ಪನಿಗೆ ಆ ನಡುಕ ಕಂಡರೆ ಸಂತೋಷ. ಗಾಡಿಯವನ ಹತ್ತಿರ ತನಗೂ ಹೀಗೇ ನಡುಗಿತ್ತು, ಒಳಗಿನ ಬಾಗಿಲು ತೆರೆಯುವಾಗ ಹೀಗೇ ಎಂದು ದೂರದಿಂದಲೇ ಹೇಳುತ್ತಿದ್ದ. ಹಿತ್ತಿಲ ಬಾಗಿಲ ಒಳಗೆ ಅಪ್ಪನ ನೆರಳು ಒಮ್ಮೊಮ್ಮೆ ಕಾಣುತ್ತಿತ್ತು. ಮಾತು ಕೊಟ್ಟಿದ್ದಕ್ಕೆ ಅಪ್ಪ ಬಾಯಿ ತೆಗೆಯಲಿಲ್ಲ. ತೆಗೆದಿದ್ದರೂ, ಇಷ್ಟು ಹೊತ್ತು ನಿಲ್ಲುವ ಬದಲು ಬಸ್ಕಿ ಹೊಡೆಯಬಹುದಿತ್ತು ಎನ್ನುತ್ತಿದ್ದನೇ ಹೊರತು, ಹುಡುಗನಿಗೆ ನೋಯುತ್ತಿದೆ ಎನ್ನುತ್ತಿರಲಿಲ್ಲ. ತಿಪ್ಪಣ್ಣನೂ ಅನ್ನಲಿಲ್ಲ. ಅಪ್ಪನ ನಾಯಿಯನ್ನು ದಾಟಿ ದಾಟಿ ಬೆಳೆದವನು, ಚಿಕ್ಕಪ್ಪನ ಬಾಗಿಲಲ್ಲೂ ಅದೇ ನಾಯಿ ಮಲಗಿದೆ ಎಂದು ತಿಳಿದು ಅದನ್ನೂ ದಾಟಲು ನೋಡುತ್ತಿದ್ದ.

ಕಂಡುಹಿಡಿದವಳು ಅವ್ವ, ಅದೂ ಊಟ ಬಡಿಸುವಾಗ. ತಿಪ್ಪಣ್ಣ ತುತ್ತನ್ನು ಬಾಯಿಗೆ ತರುತ್ತಿರಲಿಲ್ಲ, ಬಾಯನ್ನೇ ತಟ್ಟೆಯ ಹತ್ತಿರಕ್ಕೆ ತೆಗೆದುಕೊಂಡು ಹೋಗುತ್ತಿದ್ದ. ಬೆನ್ನು ಬಗ್ಗಿಸಿ, ಹಸಿದವನ ಹಾಗೆ, ಬೇಗ ಬೇಗ. ಎರಡೂ ಪಕ್ಕದಲ್ಲಿ ಕೂತವರಿಗೆ ಅದು ಹಸಿವಿನಂತೆಯೇ ಕಂಡಿತು. ಎದುರಿಗೆ ನಿಂತು ಬಡಿಸುವವಳಿಗೆ ಬೇರೆ ಕಂಡಿತು. ಅವ್ವ ಮರುದಿನದಿಂದ ಅವನ ಮುದ್ದೆಯನ್ನು ಸಣ್ಣ ಸಣ್ಣ ಉಂಡೆ ಮಾಡಿ ಹಾಕಿದಳು, ಸಾರಿನ ಬಟ್ಟಲನ್ನು ಎಡಕ್ಕೆ ಇಟ್ಟಳು, ನೋಡುತ್ತ ನಿಂತಳು. ಗುರುವಾರ ಹುಣ್ಣಿಮೆ. ಆ ದಿನ ತಿಪ್ಪಣ್ಣ ಅರ್ಧ ಊಟಕ್ಕೇ ಸಾಕೆಂದು ಎದ್ದ. ಅವ್ವ ಹಿತ್ತಿಲಿಗೆ ಹೋಗಿ ಚಿಕ್ಕಪ್ಪನನ್ನು ಕೇಳಿದ್ದು ನನಗೆ ಕೇಳಿಸಿತು. ಹುಡುಗನಿಗೆ ಕೈ ಎತ್ತಲು ಆಗುತ್ತಿಲ್ಲ, ನಿನ್ನ ಮುದುಕಪ್ಪನ ಪಾಠ ಮೊದಲು ಕೊಟ್ಟರೆ ಆಗದೇ ಎಂದು ಕೇಳಿದಳು. ಚಿಕ್ಕಪ್ಪ ಬೇಸರದಿಂದಲೇ ಹೇಳಿದ: ಸಾಲು ತಪ್ಪಿಸಿದರೆ ಕಲಿತದ್ದೆಲ್ಲ ನೀರುಪಾಲು, ಅದು ಕೊನೆಯದು, ಅವನಿನ್ನೂ ಮೊದಲನೆಯದರಲ್ಲೇ ಇದ್ದಾನೆ. ಅವ್ವ ಒಳಗೆ ಬಂದಳು.

ಶುಕ್ರವಾರ ಮಧ್ಯಾಹ್ನ, ಗರಡಿಯಲ್ಲಿ ಮರುದಿನದ ಪೂಜೆಗೆ ಹುಡುಗರು ಮಟ್ಟಿ ಅಗೆದು ಹದಮಾಡುತ್ತಿದ್ದ ಸದ್ದು ಕೇಳುತ್ತಿತ್ತು. ಅವ್ವ ಎಂದಿನಂತೆ ಬೀಸಲು ಕೂತಳು. ನಾನು ಎದುರು ಕೂತು ಹಿಡಿಗೆ ಕೈ ಹಾಕಿದ್ದೆ. ಆಗ ತಿಪ್ಪಣ್ಣ ನೀರು ಕುಡಿಯಲು ಒಳಗೆ ಬಂದ, ಎಡಗೈಯಲ್ಲಿ ಚೊಂಬು ಎತ್ತಿದ.

“ಗೌರಿ, ನೀ ಏಳು. ತಿಪ್ಪಣ್ಣ, ಬಾ ಇಲ್ಲಿ, ಕುಂತ್ಕ.”

ಅವನು ಬೀಸುಕಲ್ಲನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

“ಅವ್ವ, ವೀಳ್ಯದ ಮೈ ಇದು.”

“ನನ್ನ ಹೊಟ್ಟೇಲಿ ಇದ್ದಾಗಿಂದ ನನಗೆ ಗೊತ್ತೈತೆ ಅದು ಯಾವ ಮೈ ಅಂತ. ಕುಂತ್ಕ. ಬಲಗೈ ಇಡು. ನೀ ಏನೂ ಮಾಡಬ್ಯಾಡ, ನಾ ಎಲ್ಲಿಗೆ ಒಯ್ತೀನೋ ಅಲ್ಲಿಗೆ ಬರ್ಲಿ ಕೈ.”

ಅವನು ಕೂತ. ಅವ್ವ ಅವನ ಬೆರಳುಗಳನ್ನು ಹಿಡಿಯ ಸುತ್ತ ತಾನೇ ಮಡಿಸಿದಳು. ಕಲ್ಲು ತಿರುಗಿತು. ನೂಕುವುದನ್ನೂ ಎಳೆಯುವುದನ್ನೂ ಅವ್ವ ಒಬ್ಬಳೇ ಮಾಡುತ್ತಿದ್ದಳು. ತಿಪ್ಪಣ್ಣನ ಕೈ, ಹಿಡಿಯ ಮೇಲೆ ಕೂತ ಹಕ್ಕಿಯಂತೆ, ಸುಮ್ಮನೆ ಸುತ್ತು ಬರುತ್ತಿತ್ತು. ಮೊದಮೊದಲು ಅವನ ಕುತ್ತಿಗೆಯ ನರ ಎದ್ದಿತ್ತು, ಹಲ್ಲು ಕಚ್ಚಿದ್ದ. ಅವ್ವ ಬೀಸುವ ಪದವನ್ನು ಬಾಯೊಳಗೇ ಹೇಳಿಕೊಳ್ಳುತ್ತ ಸುತ್ತನ್ನು ಚಿಕ್ಕದು ಮಾಡಿದಳು, ನಿಧಾನ ಮಾಡಿದಳು. ಸ್ವಲ್ಪ ಹೊತ್ತಿಗೆ ಅವನ ಹೆಗಲು ಇಳಿಯಿತು, ಬಾಯಿ ಸಡಿಲವಾಯಿತು. ಚಿಕ್ಕಪ್ಪ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಿದ್ದ. ಸಾಲು ತಪ್ಪಿತೆಂದು ಕೂಗುತ್ತಾನೆ ಅಂದುಕೊಂಡೆ. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ತಿಪ್ಪಣ್ಣನ ಮೊಣಕೈಯನ್ನೇ ನೋಡುತ್ತಿದ್ದ.

ಗರಡಿಯ ಸದ್ದು ನಿಂತದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಮಟ್ಟಿಗೆ ಮಜ್ಜಿಗೆ ಕೇಳಲು ನಿಂಗ ನಡುಮನೆಯ ಬಾಗಿಲಿಗೆ ಬಂದಿದ್ದ. ಅವನ ಹಿಂದೆ ಇನ್ನಿಬ್ಬರು ಇಣುಕಿದರು. ಒಬ್ಬ ಕಿಸಕ್ಕನೆ ನಕ್ಕು, ಹೊಳಲ್ಕೆರೆಯವರಿಗೆ ರೊಟ್ಟಿ ತಟ್ಟಿ ಕೊಡಾಕೆ ತಯಾರಿ ನಡೆದೈತೆ ಎಂದ. ನಗು ನಡುವೆಯೇ ತುಂಡಾಯಿತು, ಏಕೆಂದರೆ ಅವರ ಹಿಂದೆ ಅಪ್ಪ ಇದ್ದ. ಮೊಣಕೈಯವರೆಗೆ ಕೆಮ್ಮಣ್ಣು, ಕೈಯಲ್ಲಿ ಗುದ್ದಲಿ. ತಿಪ್ಪಣ್ಣ ಏಳಲು ನೋಡಿದ. ಅವ್ವ ಅವನ ಕೈಯ ಮೇಲೆ ತನ್ನ ಕೈ ಇಟ್ಟು ಹಿಡಿದಳು. ಅಪ್ಪನ ಎದುರು ಅವ್ವ ತಲೆಯ ಸೆರಗು ಸರಿಮಾಡಿಕೊಳ್ಳದೆ ಕೂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಎದ್ದೇಳಲೇ” ಎಂದ ಅಪ್ಪ. ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಅವ್ನು ಏಳಲ್ಲ. ನೀವು ಬರ್ರಿ” ಎಂದಳು ಅವ್ವ. “ನಾ ಎದ್ದು ಜಾಗ ಬಿಡ್ತೀನಿ, ಇಲ್ಲಿ ಕುಂತ್ಕಳ್ರಿ. ಈ ಹಿಡಿ ಹಿಡೀರಿ. ನಾಳೆ ನಿಂಗನ ಕೈಗೆ ಕೊಡೋಕೆ ಮುಂಚೆ ಅವ್ನ ಕೈಯಾಗೆ ಏನೈತೆ ಅಂತ ನಿಮ್ಮ ಕೈಯಾಗೆ ನೋಡ್ರಿ. ಆಮೇಲೆ ನೀವು ಏನಂದ್ರೂ ಆಗ್ಲಿ.”

ಅಪ್ಪನ ಮುಖದಲ್ಲಿ ಸಿಟ್ಟು ಬರುತ್ತಿತ್ತು, ಹೋಗುತ್ತಿತ್ತು. ಹುಡುಗರ ಎದುರು ಹೆಂಡತಿಗೆ ಏನು ಹೇಳಿದರೂ ಕಡಿಮೆಯೇ. ಏನೂ ಹೇಳದಿದ್ದರೆ ನಾಳೆ ಊರೆಲ್ಲ ಮಾತು. ಗುದ್ದಲಿಯನ್ನು ಗೋಡೆಗೆ ಒರಗಿಸಿ, ನಿಂಗನಿಗೆ ಗರಡಿ ಬಾಗಿಲು ಹಾಕಿಕೊಂಡು ಹುಡುಗರನ್ನು ಮನೆಗೆ ಕಳಿಸೆಂದ. ನಿಂಗ ಮಜ್ಜಿಗೆಯ ಗಡಿಗೆಯನ್ನೂ ಮರೆತು ಹೋದ. ಬಾಗಿಲು ಹಾಕಿದ ಸದ್ದು ಕೇಳಿದ ಮೇಲೆ ಅಪ್ಪ ಬಂದು ಅವ್ವ ಬಿಟ್ಟ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವನ ಮಂಡಿ ಕಲ್ಲಿಗೆ ತಾಗುತ್ತಿತ್ತು, ಹೇಗೆ ಕೂರಬೇಕೆಂದು ತಿಳಿಯದೆ ಎರಡು ಸಲ ಸರಿದಾಡಿದ. ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಹಿಡಿ ಹಿಡಿದ. ನೂಕಿದ. ಕಲ್ಲು ಗಡಗಡನೆ ಅರ್ಧ ಸುತ್ತು ಹೋಗಿ, ತಿಪ್ಪಣ್ಣನ ಪಾಲಿನ ಅರ್ಧದಲ್ಲಿ ನಿಂತಿತು.

“ಎಳೀಲೇ.”

“ಎಳೀತಾ ಇದೀನಪ್ಪ.”

ಕಲ್ಲು ಅಲುಗಲಿಲ್ಲ. ತಿಪ್ಪಣ್ಣನ ಹಣೆಯ ಮೇಲೆ ಬೆವರು ಮೂಡಿತು, ತೋಳಿನ ಮಾಂಸ ಉಬ್ಬಿತು, ಹಿಡಿಗೆ ಮಾತ್ರ ಏನೂ ಬರಲಿಲ್ಲ. ನೋಡುವವರಿಗೆ ಅವನು ಬಲ ಹಾಕುತ್ತಿದ್ದಾನೆ ಎಂದೇ ಕಾಣುತ್ತಿತ್ತು. ಅಪ್ಪ ಕಲ್ಲನ್ನು ತಾನೇ ತಂದುಕೊಂಡು ಮತ್ತೆ ನೂಕಿದ, ಈ ಸಲ ಮೆಲ್ಲಗೆ. ಮತ್ತೆ ಅಲ್ಲೇ ನಿಂತಿತು. ಮೂರನೆಯ ಸಲ ನೂಕಲಿಲ್ಲ. ಹಿಡಿಯ ಮೇಲೆ ಮಗನ ಕೈಯ ಕೆಳಗೆ ತನ್ನ ಕೈ ಇಟ್ಟುಕೊಂಡು ಸುಮ್ಮನೆ ಕೂತ. ಸಾವಿರ ಮೈಗಳನ್ನು ಹಿಡಿದ ಕೈ ಅದು. ಎದುರಾಳಿಯ ಕಸುವು ಎಲ್ಲಿ ಮುಗಿಯುತ್ತದೆ ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭುಜ ಜಾರಿದ ದಿನದಿಂದ ಅಪ್ಪ ಮಗನನ್ನು ಒಮ್ಮೆಯೂ ಮುಟ್ಟಿರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

“ಎಂದಿನಿಂದಲೇ ಹಿಂಗೆ?”

“ನೀ ಕೀಲು ಕೂರಿಸಿದ ದಿನದಿಂದ” ಎಂದ ತಿಪ್ಪಣ್ಣ. “ಹಿತ್ತಿಲಾಗೆ ನಿಂತ ಮೇಲೆ ಜಾಸ್ತಿ ಆತು.”

ಅಪ್ಪ ತಲೆಯೆತ್ತಿ ಬಾಗಿಲಲ್ಲಿ ನಿಂತ ತಮ್ಮನನ್ನು ನೋಡಿದ. ಇನ್ನು ಮನೆ ಎರಡಾಗುತ್ತದೆ ಎಂದು ನಾನು ಅವ್ವನ ಸೆರಗು ಹಿಡಿದುಕೊಂಡೆ. ಚಿಕ್ಕಪ್ಪನೇ ಮೊದಲು ಮಾತಾಡಿದ.

“ನಾನು ಕೈ ಇಟ್ಟು ನೋಡ್ಲಿಲ್ಲ ಅಣ್ಣಯ್ಯ. ಗಾಡಿಯೋನೂ ನನ್ನ ಮುಟ್ಟಿ ನೋಡ್ತಿರ್ಲಿಲ್ಲ, ದೂರ ನಿಂತು ಹೊಡೀತಿದ್ದ. ನಾನೂ ಅಂಗೇ ಕುಂತಿದ್ದೆ.”

ಅಪ್ಪ ತಮ್ಮನಿಗೆ ಬಾ ಎಂದು ಕಣ್ಣಲ್ಲೇ ಕರೆದು, ತಾನು ಹಿಡಿದ ಕಡೆ ತೋರಿಸಿ, ಆ ಮುದುಕನ ಪಾಠದಲ್ಲಿ ಇಂಥ ಕೈಯನ್ನು ಹೇಗೆ ಹಿಡಿಯುತ್ತಾರೆ ಎಂದು ಕೇಳಿದ. ಅವರಿಬ್ಬರ ನಡುವೆ ವಿದ್ಯೆಯ ಮಾತು ಜಗಳವಿಲ್ಲದೆ ನಡೆದದ್ದನ್ನು ನಾನು ಕೇಳಿದ್ದು ಅಂದೇ. ಚಿಕ್ಕಪ್ಪ ಮಣಿಕಟ್ಟು ತಾಗಿಸಿ ತೋರಿಸಿದ. ಅಪ್ಪ, ಮೊಣಕೈ ಬುಡದಲ್ಲಿ ಒಂದು ಕೈ ಆಸರೆ ಇರಲಿ ಎಂದ. ಅವ್ವ, ಮೊದಲು ಊಟಕ್ಕೆ ಕೈ ಏಳಲಿ, ಉಳಿದದ್ದು ಆಮೇಲೆ ಎಂದಳು. ರಾಗಿ ಅರ್ಧಕ್ಕೇ ನಿಂತಿತ್ತು. ಉಳಿದದ್ದನ್ನು ನಾನೂ ಅವ್ವನೂ ಬೀಸಿ ಮುಗಿಸಿದೆವು.

ಈಗ ಹಿಟ್ಟಿನ ಗಿರಣಿ ಬಂದಿದೆ, ನಮ್ಮ ಮನೆಯ ಕಲ್ಲೂ ಮೂಲೆ ಸೇರಿದೆ. ಆದರೂ ಮಗಳು ಬಾಣಂತಿಯಾದಾಗ, ಮೊಮ್ಮಗನಿಗೆ ಜ್ವರ ಬಂದಾಗ, ಹೇಗಿದ್ದಾರೆಂದು ದೂರ ನಿಂತು ಕೇಳಿದರೆ ನನಗೆ ಏನೂ ತಿಳಿಯುವುದಿಲ್ಲ. ಹತ್ತಿರ ಕೂತು ಕೈ ಹಿಡಿದುಕೊಂಡರೆ ತಿಳಿಯುತ್ತದೆ. ಮನೆಯವರು ಇದನ್ನು ನನ್ನ ನಿಧಾನ ಎನ್ನುತ್ತಾರೆ. ತಿಪ್ಪಣ್ಣನ ಕೈ ಊಟಕ್ಕೂ ನೇಗಿಲಿಗೂ ಸಾಕಾಗುವಷ್ಟು ಬಂತು, ಗದೆಗೆ ಬರಲಿಲ್ಲ. ಅವನು ಹಿರಿಯೂರಿನ ಮರಳಿನಲ್ಲಿ ಇಳಿಯಲಿಲ್ಲ.

ಆ ಶುಕ್ರವಾರ ಸಂಜೆ ಅಪ್ಪ ದೇವರ ಗೂಡಿನಿಂದ ಹೊಳಲ್ಕೆರೆಯವರ ಬಾಡಿದ ವೀಳ್ಯದೆಲೆ ತೆಗೆದು ಹೊಸ ಎಲೆ, ಹೊಸ ಅಡಿಕೆ ಇಟ್ಟು ಹೆಗಲ ಮೇಲಿನ ಚೌಕದ ಮೂಲೆಗೆ ಗಂಟು ಹಾಕಿದ. ಅವ್ವ ಹಿಂಡಿದ ಬಟ್ಟೆಯನ್ನು ತಿಪ್ಪಣ್ಣನ ಭುಜಕ್ಕೆ ಹಾಕಿದಳು. ಅವನು ಅಂದು ಗರಡಿಗೆ ಮಲಗಲು ಹೋಗಲಿಲ್ಲ, ನಡುಮನೆಯಲ್ಲೇ ಚಾಪೆ ಹಾಸಿದೆ. ಊಟಕ್ಕೆ ಮುದ್ದೆ, ಹುರುಳಿಕಟ್ಟಿನ ಸಾರು, ಸುಟ್ಟ ಬದನೆಕಾಯಿಯ ಗೊಜ್ಜು, ಮೇಲೆ ಮಜ್ಜಿಗೆ. ತಿಪ್ಪಣ್ಣನಿಗೆ ಅವ್ವ ತುತ್ತು ಮಾಡಿ ಬಾಯಿಗೆ ಇಟ್ಟಳು, ಅವನು ನಾಚಿಕೊಳ್ಳಲಿಲ್ಲ, ಯಾರೂ ನಗಲಿಲ್ಲ. ಚಿಕ್ಕಪ್ಪ ಎರಡನೆಯ ಮುದ್ದೆ ಬೇಡವೆಂದ. ಅಪ್ಪ ಕೈ ತೊಳೆದು, ಹೊಳಲ್ಕೆರೆ ಗರಡಿಗೆ ಹೋಗುವ ದಾರಿಯಲ್ಲಿ ನೀರು ಎಲ್ಲೆಲ್ಲಿ ಸಿಗುತ್ತದೆ ಎಂದು ಚಿಕ್ಕಪ್ಪನನ್ನು ಕೇಳಿದ. ನಾನೂ ಬರಲೇ ಅಣ್ಣಯ್ಯ ಎಂದದ್ದಕ್ಕೆ ಬೇಡವೆಂದು ತಲೆಯಾಡಿಸಿದ. ಕೋಳಿ ಕೂಗುವ ಮುಂಚೆ ಹೊರಡಬೇಕಿತ್ತು. ಅಪ್ಪನೇ ಮೊದಲು ಮಲಗಿದ.